ಮೆಡಿಕಲ್ ಸೀಟಿಗೆ ಮನೆ ಅಡವಿಡುವ ಮೊದಲು

ಮಾನ್ಯ ಸಂಪಾದಕರೇ,

ನೀಟ್ ಫಲಿತಾಂಶ ಬಂತೆಂದರೆ ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಸೊಸೈಟಿಯಲ್ಲಿ ಯಾರಾದರೊಬ್ಬರು ನನ್ನ ಮನೆಯ ಬೆಲ್ ಒತ್ತುತ್ತಾರೆ. ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿದ್ದು ನಿವೃತ್ತನಾದವನು, ಮಗಳು ಬೇರೆ ಮುಂಬಯಿಯ ಮುನಿಸಿಪಲ್ ಕಾಲೇಜಿನಲ್ಲಿ ಎಂಬಿಬಿಎಸ್ ಮುಗಿಸಿದ್ದಾಳೆ, ಹಾಗಾಗಿ ಇವರಿಗೆ ಎರಡೂ ಗೊತ್ತಿರುತ್ತದೆ ಅಂತ. ಈ ಸಲ ಬಂದವರು ಹೋಟೆಲಿನಲ್ಲಿ ಮ್ಯಾನೇಜರ್ ಆಗಿರುವ ನಮ್ಮ ಊರ ಕಡೆಯವರು. ಮಗನಿಗೆ ಸರಕಾರಿ ಸೀಟು ಸಿಗುವಷ್ಟು ಅಂಕ ಬಂದಿಲ್ಲ. ಇರುವ ಒಂದೇ ಫ್ಲ್ಯಾಟ್ ಅಡವಿಟ್ಟು ಖಾಸಗಿ ಸೀಟಿಗೆ 60 ಲಕ್ಷ ಸಾಲ ತೆಗೆಯಲಾ ಎಂದು ಕೇಳಿದರು. "ಡಾಕ್ಟರ್ ಆದ ಮೇಲೆ ನಾಲ್ಕು ವರ್ಷದಲ್ಲಿ ತೀರಿಸ್ತಾನಲ್ಲ ಮಾರಾಯ್ರೆ" ಅಂದರು.

ಕಾಗದ ತೆಗೆದು ಲೆಕ್ಕ ಹಾಕಿದೆ. ಶೇ 10 ಬಡ್ಡಿ, 15 ವರ್ಷ ಎಂದರೆ ತಿಂಗಳ ಕಂತು 64 ಸಾವಿರ ದಾಟುತ್ತದೆ. ಒಟ್ಟು ಕಟ್ಟುವುದು ಸುಮಾರು 1 ಕೋಟಿ 16 ಲಕ್ಷ. ಓದುವಾಗ ಬೆಳೆಯುವ ಬಡ್ಡಿ ಇದರಲ್ಲಿ ಸೇರಿಲ್ಲ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಸ್ಪೆಷಲಿಸ್ಟ್ ಆಗಬೇಕೆಂದರೆ ಇನ್ನೊಂದು ನೀಟ್ ಬರೆದು ಇನ್ನೂ ಮೂರು ವರ್ಷ ಓದಬೇಕು. ಹುಡುಗ ಅದೆಲ್ಲ ಬಿಟ್ಟು ನಮ್ಮ ಗಲ್ಲಿಯಲ್ಲೇ ಕ್ಲಿನಿಕ್ ಹಾಕಿದ ಅಂತಿಟ್ಟುಕೊಳ್ಳಿ. ತಲೆಗೆ 100 ರೂಪಾಯಿಯಂತೆ ದಿನಕ್ಕೆ 20 ರೋಗಿಗಳನ್ನು ತಿಂಗಳಲ್ಲಿ 25 ದಿನ ನೋಡಿದರೆ 50 ಸಾವಿರ. ಬಾಡಿಗೆ, ಕಂಪೌಂಡರ್ ಸಂಬಳ ಕಳೆಯುವ ಮೊದಲೇ ಕಂತಿಗೆ ಸಾಲುವುದಿಲ್ಲ.

ನನಗೆ ನಿದ್ದೆ ಕೆಡಿಸುವುದು ಇದೇ. ಸ್ಟೇಷನ್ ಹತ್ತಿರ ಮೊದಲು ನಮ್ಮವರೇ ಒಬ್ಬ ಡಾಕ್ಟರ್ ಇದ್ದರು. 20 ರೂಪಾಯಿ ಕೊಟ್ಟರೆ ಔಷಧಿಯೂ ಸಿಗುತ್ತಿತ್ತು. ಕ್ಯಾಂಟೀನ್ ಹುಡುಗರ ಹತ್ತಿರ ತುಳು, ಅಜ್ಜಿಯಂದಿರ ಹತ್ತಿರ ಕುಂದಾಪ್ರ ಕನ್ನಡ, ಸುಮ್ನೆ ಒಂದು ಟೆಸ್ಟೂ ಬರೆದವರಲ್ಲ. ಅವರು ವಯಸ್ಸಾಗಿ ಬಾಗಿಲು ಹಾಕಿದರು. ಈಗ ಅಲ್ಲಿ ಮೊಬೈಲ್ ಅಂಗಡಿ ಇದೆ. 60 ಲಕ್ಷ ಸಾಲ ಇರುವ ಹುಡುಗ ಎಷ್ಟೇ ಒಳ್ಳೆಯವನಾದರೂ ಆ ಕುರ್ಚಿಯಲ್ಲಿ ಕೂರಲು ಆಗುವುದಿಲ್ಲ, ಅಲ್ವಾ? ಅವನು ದೊಡ್ಡ ಆಸ್ಪತ್ರೆಗೇ ಹೋಗಬೇಕು. ಅಲ್ಲಿ ನಮ್ಮ ಹೋಟೆಲ್ ಕೆಲಸದವರು ಕಾಲಿಡುವ ಹಾಗಿಲ್ಲ.

ಹಾಗಂತ ಡಾಕ್ಟರಿಕೆ ಬೇಡ ಎಂದು ನಾನು ಯಾರಿಗೂ ಹೇಳುವುದಿಲ್ಲ. ಮಹಾರಾಷ್ಟ್ರದ ಸರಕಾರಿ, ಮುನಿಸಿಪಲ್ ಕಾಲೇಜುಗಳಲ್ಲಿ ಓದಿದವರು ಒಂದು ವರ್ಷ ಸರಕಾರಿ ಸೇವೆ ಮಾಡಬೇಕು, ಮಗಳ ಕಾಲದಲ್ಲಿ ಅದು ಬೇಡ ಎಂದರೆ 10 ಲಕ್ಷ ದಂಡ ಕಟ್ಟಬೇಕಿತ್ತು. ಮಗಳು ಸೇವೆಗೇ ಹೋದಳು, ಪಾಲ್ಘರ್ ಕಡೆಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಮಳೆಗಾಲದಲ್ಲಿ ನಾಟಿ ಮಾಡುವಾಗ ಹಾವು ಕಚ್ಚಿದ ಹೆಂಗಸೊಬ್ಬಳನ್ನು ರಾತ್ರಿಯಿಡೀ ನೋಡಿಕೊಂಡಳು. ಮೂರನೇ ದಿನ ಆಕೆ ನಡೆದುಕೊಂಡು ಮನೆಗೆ ಹೋದಳಂತೆ. ಫೋನಿನಲ್ಲಿ ಅದನ್ನು ಹೇಳುವಾಗ ಮಗಳ ದನಿ ಬೇರೆಯೇ ಇತ್ತು. ಎಂಜಿನಿಯರ್ ಆದ ಅವಳ ಅಣ್ಣ ಅವಳಿಗಿಂತ ತುಂಬಾ ಜಾಸ್ತಿ ದುಡಿಯುತ್ತಾನೆ. ಅವಳು ಆ ಮಾತೇ ಎತ್ತುವುದಿಲ್ಲ. ಎತ್ತದೆ ಇರಲು ಒಂದು ಕಾರಣ, ಅವಳ ತಲೆ ಮೇಲೆ ಸಾಲ ಇಲ್ಲ.

ಖಾಸಗಿ ಕಾಲೇಜುಗಳ ಅರ್ಧ ಸೀಟಿಗೆ ಸರಕಾರಿ ಕಾಲೇಜಿನಷ್ಟೇ ಫೀಸು ಇರಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಹೇಳಿತ್ತು. ಅದೇನಾಯಿತು ಎಂದು ನಮ್ಮ ಶಾಸಕರನ್ನು ನಾವು ಕೇಳಬೇಕು. ಓಟು ಕೇಳಲು ನಮ್ಮ ಸಂಘಗಳಿಗೆ ಬರುತ್ತಾರಲ್ಲ.

ಹೋಟೆಲಿನವರ ಮಗ ಇನ್ನೊಂದು ವರ್ಷ ಕೂತು ನೀಟ್ ಬರೆಯುತ್ತೇನೆ ಎನ್ನುತ್ತಿದ್ದಾನೆ. ಅಪ್ಪ ಇನ್ನೂ ಒಪ್ಪಿಲ್ಲ. ಕನ್ನಡ ಸಂಘಗಳು ಅಂಕ ತೆಗೆದ ಮಕ್ಕಳಿಗೆ ಶಾಲು ಹೊದಿಸುವ ದಿನವೇ ಅಪ್ಪ ಅಮ್ಮಂದಿರನ್ನು ಒಂದು ಗಂಟೆ ಕೂರಿಸಿ ಈ ಸಾಲದ ಲೆಕ್ಕ ತೋರಿಸಲಿ. ಭಾನುವಾರವಾದರೆ ಎಲ್ಲಿಗೆ ಕರೆದರೂ ನಾನು ಬರುತ್ತೇನೆ.

ಇಂತಿ,
ಒಬ್ಬ ಓದುಗ, ಡೊಂಬಿವಲಿ