ವಯೋಲಾ ಸಾಲಿನಿಂದ ಕೃತಜ್ಞತೆಗಳು

ನಮ್ಮ ಪ್ರೌಢಶಾಲೆಯ ತಂತಿವಾದ್ಯ ವೃಂದದ ವಾರ್ಷಿಕ ಕಛೇರಿ ಚೆನ್ನಾಗಿ ನಡೆಯಿತು, ವೃಂದದಲ್ಲಿ ನನ್ನ ಮೊದಲ ವರ್ಷವೂ ಅದರೊಂದಿಗೆ ಮುಗಿಯಿತು. ನಡುವೆ ನನ್ನ ಎಡಗೈಗೆ ಆದದ್ದೇನು, ಎಷ್ಟು ಕಾಲ ವಾದ್ಯ ಮುಟ್ಟದೆ ಇರಬೇಕಾಯಿತು ಎಂಬುದು ಇದನ್ನು ಓದುವ ಹೆಚ್ಚಿನವರಿಗೆ ಗೊತ್ತಿರುವುದರಿಂದ ಅದನ್ನು ಮತ್ತೆ ವಿವರಿಸುವುದಿಲ್ಲ. ಆ ದಿನಗಳಲ್ಲಿ ಜೊತೆಗಿದ್ದವರಿಗೆ ಬಾಯಲ್ಲಿ ಹೇಳಿದ ಧನ್ಯವಾದ ಸಾಲದೆಂದು ಅನ್ನಿಸಿ ಇಷ್ಟನ್ನು ಬರೆಯುತ್ತಿದ್ದೇನೆ.

ವಯೊಲಿನ್ ಕಲಿತು ಬಂದಿದ್ದ ನನ್ನನ್ನು ವಯೋಲಾ ಸಾಲಿಗೆ ಕೂರಿಸಿದ ನಮ್ಮ ಮೇಷ್ಟ್ರಿಗೆ ಮೊದಲ ನಮಸ್ಕಾರ. ವಯೋಲಾದ ಒಡಲು ವಯೊಲಿನ್‌ಗಿಂತ ದೊಡ್ಡದು, ಬೆರಳುಗಳ ನಡುವಿನ ಅಂತರ ಹೆಚ್ಚು, ಶ್ರುತಿ ಐದು ಸ್ವರ ಕೆಳಗೆ. ಯಾವ ಗೆರೆ ಯಾವ ಸ್ವರ ಎಂದು ತೋರಿಸುವ ಅದರ ಸ್ವರಲಿಪಿಯ ಗುರುತಾದ ಆಲ್ಟೊ ಕ್ಲೆಫ್‌ನಲ್ಲಿ ನಡುಗೆರೆಯೇ ಮಧ್ಯದ ಸಿ ಸ್ವರವಾಗುವುದರಿಂದ, ಕಣ್ಣಿಗೆ ರೂಢಿಯಾದ ಪ್ರತಿಯೊಂದು ಗೆರೆಯ ಹೆಸರೂ ಬದಲಾಗುತ್ತದೆ. ಇಷ್ಟೆಲ್ಲ ಹೊಸದಾಗಿ ಕಲಿಯುವ ತಾಳ್ಮೆ ನನ್ನಲ್ಲಿದೆ ಎಂದು ಅವರು ನಂಬಿದರು. ಸಮಯಕ್ಕೆ ಸರಿಯಾಗಿ ಕರೆದೊಯ್ದು ಕರೆತಂದ ಅಪ್ಪ ಅಮ್ಮನಿಗೆ, ಕೈಗೆ ವ್ಯಾಯಾಮ ಕಲಿಸಿದವರಿಗೆ, ನನ್ನ ವಾದ್ಯದ ಪೆಟ್ಟಿಗೆಯನ್ನೂ ತಮ್ಮದರ ಜೊತೆಗೇ ಹೊತ್ತ ಚೆಲ್ಲೊ ಮತ್ತು ಡಬಲ್ ಬೇಸ್ ಗೆಳೆಯರಿಗೆ ನಾನು ಋಣಿ.

ಉಳಿದದ್ದೆಲ್ಲ ನನ್ನ ಜೊತೆ ಸ್ವರಲಿಪಿಯ ಹಾಳೆ ಇಡುವ ಒಂದೇ ಸ್ಟ್ಯಾಂಡಿನ ಮುಂದೆ ಕೂತ, ಮೇಲಿನ ತರಗತಿಯ ಅಕ್ಕನಿಗೆ ಸಲ್ಲಬೇಕು. ಹೆಸರು ಬರೆಯಬೇಡ ಎಂದು ಕೇಳಿಕೊಂಡಿದ್ದಾರೆ, ಬರೆಯುವುದಿಲ್ಲ.

ವೃಂದದಲ್ಲಿ ಇಬ್ಬರಿಗೆ ಒಂದು ಸ್ಟ್ಯಾಂಡು. ಒಳಬದಿಯಲ್ಲಿ ಕೂತವರು ಹಾಳೆ ತಿರುಗಿಸುತ್ತಾರೆ, ಅಷ್ಟು ಹೊತ್ತು ಹೊರಬದಿಯವರು ನಿಲ್ಲಿಸದೆ ನುಡಿಸುತ್ತಾರೆ. ಹಾಳೆ ತಿರುಗಿಸುವ ಸರದಿ ನನ್ನದು. ಆದರೆ ಕೈ ಸೋತಿದ್ದ ವಾರಗಳಲ್ಲಿ ಅಕ್ಕ ಯಾರಿಗೂ ಹೇಳದೆ ಆ ಕೆಲಸವನ್ನೂ ತಾವೇ ಮಾಡಿಕೊಂಡರು. ಕಮಾನು ಮೇಲಕ್ಕೋ ಕೆಳಕ್ಕೋ ಎಂಬ ಗುರುತುಗಳನ್ನು ಹಾಳೆಯ ಮೇಲೆ ಪೆನ್ಸಿಲ್‌ನಿಂದ ಸಣ್ಣದಾಗಿ ಹಾಕುತ್ತಿದ್ದರು. ಮೇಷ್ಟ್ರ ಕೈಯನ್ನು ನೋಡಲೇಬೇಕಾದ ಕಡೆ ಒಂದು ಪುಟ್ಟ ಕನ್ನಡಕದ ಚಿತ್ರ ಬಿಡಿಸುತ್ತಿದ್ದರು. ವಾದ್ಯವೃಂದಗಳಲ್ಲಿ ಇದು ಹಳೆಯ ರೂಢಿಯಂತೆ. ನಾನು ಬಾರದೆ ಇದ್ದ ದಿನಗಳ ಗುರುತುಗಳೂ ನಮ್ಮ ಹಾಳೆಯಲ್ಲಿದ್ದವು, ಮತ್ತು ಅವೆಲ್ಲ ಇಬ್ಬರಿಗೂ ಕಾಣುವಷ್ಟು ದೊಡ್ಡದಾಗಿದ್ದವು. ಒಬ್ಬರೇ ಕೂತಿದ್ದಾಗ ಅಷ್ಟು ದೊಡ್ಡದಾಗಿ ಬರೆದದ್ದು ಯಾರಿಗಾಗಿ ಎಂದು ಹಿಂದಿರುಗಿದ ದಿನ ನನಗೆ ಅರ್ಥವಾಯಿತು.

ಕಛೇರಿಯ ಹಿಂದಿನ ರಾತ್ರಿಯ ವಿಷಯಕ್ಕೆ ಬರುತ್ತೇನೆ. ನಾವು ನುಡಿಸಬೇಕಿದ್ದದ್ದು ಇಂಗ್ಲಿಷ್ ಸಂಗೀತ ರಚನೆಕಾರ ಗುಸ್ತಾವ್ ಹೋಲ್ಸ್ಟ್ ಅವರ ಸೇಂಟ್ ಪಾಲ್ಸ್ ಸ್ವೀಟ್ (suite) ಎಂಬ, ಹಲವು ಭಾಗಗಳ ಕೃತಿ. ಲಂಡನ್ನಿನ ಸೇಂಟ್ ಪಾಲ್ಸ್ ಬಾಲಕಿಯರ ಶಾಲೆಯಲ್ಲಿ 1905ರಿಂದ ಸಂಗೀತ ಕಲಿಸುತ್ತಿದ್ದ ಅವರು 1912–13ರಲ್ಲಿ ಅದನ್ನು ಅಲ್ಲಿನ ವಿದ್ಯಾರ್ಥಿನಿಯರ ವೃಂದಕ್ಕಾಗಿಯೇ ರಚಿಸಿದರು. ಅದು ಪ್ರಕಟವಾದದ್ದು 1922ರಲ್ಲಿ. ಶಾಲಾ ಮಕ್ಕಳಿಗಾಗಿ ಬರೆದದ್ದಾದರೂ ಅದರ ಕೊನೆಯ ಭಾಗ ಸುಲಭವಲ್ಲ. ಆರು–ಎಂಟರ ಲಯದಲ್ಲಿ ಒಂದು ಜಾನಪದ ಧಾಟಿ ಬಿಡುವಿಲ್ಲದೆ ಓಡುತ್ತಿರುವಾಗ, ಅದರ ಮೇಲೆ ಮೂರು–ನಾಲ್ಕರ ಲಯದ ಇನ್ನೊಂದು ಹಳೆಯ ಧಾಟಿಯನ್ನು ಚೆಲ್ಲೊಗಳು ನಿಧಾನವಾಗಿ ಎತ್ತಿಕೊಳ್ಳುತ್ತವೆ. ಎರಡೂ ಒಂದೇ ಅಳತೆಯೊಳಗೆ ಹೊಂದಿಕೊಳ್ಳುತ್ತವೆ, ಆದರೆ ಪೆಟ್ಟು ಬೀಳುವ ಜಾಗ ಬೇರೆ. ಆ ಸಂಜೆಯ ಅಭ್ಯಾಸದಲ್ಲಿ ಚೆಲ್ಲೊಗಳು ಒಳಬಂದ ಹೊತ್ತಿಗೇ ನನ್ನ ಮುಂಗೈ ಹಿಡಿದುಕೊಂಡಿತು, ಲೆಕ್ಕ ಕೈಬಿಟ್ಟಿತು. ಮತ್ತೆ ಪ್ರಯತ್ನಿಸಿದಾಗಲೂ ಹಾಗೆಯೇ ಆಯಿತು.

ಎಲ್ಲರೂ ಹೊರಟ ಮೇಲೆ ನಾನು ನಾಳೆ ಬರುವುದಿಲ್ಲ ಎಂದು ಅಕ್ಕನಿಗೆ ಹೇಳಿದೆ. ಕೈ ಇನ್ನೆಂದೂ ಮೊದಲಿನಂತಾಗದಿದ್ದರೆ ಎಂಬ ಹೆದರಿಕೆಯನ್ನು ಅಲ್ಲಿಯವರೆಗೆ ಮನೆಯಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಅದು ಆ ಖಾಲಿ ಕೋಣೆಯಲ್ಲಿ ಹೊರಬಂತು, ಅದರ ಹಿಂದೆಯೇ ತಡೆಯಲಾಗದಷ್ಟು ಅಳು ಬಂತು. ಅವರು ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಮನೆಗೆ ಫೋನ್ ಮಾಡಿ ತಡವಾಗುತ್ತದೆ ಎಂದು ತಿಳಿಸಿದರು, ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರು. ನನ್ನ ಅಳು ನಿಲ್ಲುವವರೆಗೆ ಬಟ್ಟೆಯಿಂದ ತಂತಿಗಳ ಮೇಲಿನ ರಾಳದ ಪುಡಿಯನ್ನು ಒರೆಸುತ್ತ ಸುಮ್ಮನಿದ್ದರು.

ಆಮೇಲೆ ಹೋಲ್ಸ್ಟ್ ಅವರ ಬಲತೋಳಿನ ವಿಷಯ ಹೇಳಿದರು. ಚಿಕ್ಕ ವಯಸ್ಸಿನಿಂದಲೂ ನರದ ನೋವಿದ್ದು, ಪಿಯಾನೊ ವಾದಕನಾಗುವ ಆಸೆಯನ್ನು ಅವರು ಬಿಡಬೇಕಾಯಿತು. ಮುಂದೆ ದೊಡ್ಡ ಕೃತಿಗಳನ್ನು ಬರೆಯುವಾಗ ಕೈ ಸಹಕರಿಸದಿದ್ದರೆ ಅದೇ ಶಾಲೆಯ ಸಹೋದ್ಯೋಗಿಗಳು ಅವರಿಗೆ ನೆರವಾಗಿ ಬರೆದುಕೊಡುತ್ತಿದ್ದರು. "ನಾಳೆ ಕೈ ನೋಯುವ ಕಡೆ ನೀನು ಕಮಾನು ಎತ್ತಿಬಿಡು. ಆ ಸ್ವರ ನಾನು ನುಡಿಸುತ್ತಿರುತ್ತೇನೆ, ಸಾಲು ನಿಲ್ಲುವುದಿಲ್ಲ. ಲೆಕ್ಕ ಮಾತ್ರ ಬಿಡಬೇಡ," ಎಂದರು ಅಕ್ಕ. ಎಷ್ಟೋ ತಿಂಗಳಿಂದ ಎಲ್ಲರೂ ಕೈ ಸರಿಹೋಗುತ್ತದೆ ಎನ್ನುತ್ತಿದ್ದರು. ಸರಿಹೋಗದಿದ್ದರೂ ನಿನಗೆ ಇಲ್ಲಿ ಜಾಗವಿದೆ ಎಂದು ಹೇಳಿದವರು ಅವರೊಬ್ಬರೇ.

ಆ ಮೇಲೆ ಚೆಲ್ಲೊಗಳ ನಿಧಾನದ ಧಾಟಿಯನ್ನು ಅವರು ವಯೋಲಾದಲ್ಲಿ ನುಡಿಸಿದರು, ನಾನು ಮೊಣಕಾಲಿನ ಮೇಲೆ ಬಲಗೈಯಿಂದ ಓಟದ ಧಾಟಿಯ ಪೆಟ್ಟು ಹಾಕಿದೆ. ಬಳಿಕ ಅದಲುಬದಲು ಮಾಡಿದೆವು. ಬೇಸರವಿಲ್ಲದೆ ಅದನ್ನೇ ಮತ್ತೆ ಮತ್ತೆ ಮಾಡಿಸಿದರು. ಕಾವಲಿನವರು ದೀಪ ಆರಿಸಲು ಬಂದಾಗ ಇನ್ನೊಂದು ಸಲ ಎಂದು ಕೇಳಿಕೊಂಡದ್ದು ಅಕ್ಕನೇ. ನಿಂತು ಕೇಳಿ, ಆಮೇಲೆ ಬೀಗ ಹಾಕಿದ ಆ ಹಿರಿಯರಿಗೂ ನನ್ನ ಕೃತಜ್ಞತೆ ಸಲ್ಲುತ್ತದೆ.

ಮರುದಿನ ಎರಡು ಕಡೆ ನಾನು ಕಮಾನು ಎತ್ತಿದೆ. ಎರಡು ಕಡೆಯೂ ನನ್ನ ಎಡಬದಿಯಿಂದ ಆ ಸ್ವರ ತುಂಬಿ ಬಂತು, ಮುಂದಿನ ಅಳತೆಯಲ್ಲಿ ನಾನು ಮತ್ತೆ ಸೇರಿಕೊಂಡೆ. ಸಭಿಕರಲ್ಲಿ ಯಾರಿಗೂ ಅದು ತಿಳಿದಿರಲಾರದು. ವೃಂದದಲ್ಲಿ ನುಡಿಸುವುದೆಂದರೆ ತನ್ನ ಪಾಲನ್ನು ತಪ್ಪಿಲ್ಲದೆ ಒಪ್ಪಿಸುವುದು ಎಂದು ನಾನು ವರ್ಷವಿಡೀ ತಿಳಿದಿದ್ದೆ. ಪಕ್ಕದವರ ಪಾಲನ್ನೂ ಕಿವಿಯಲ್ಲಿ ಇಟ್ಟುಕೊಂಡು ಕೂರುವ ಒಬ್ಬರ ಜೊತೆ ಕೂತ ಮೇಲೆ ಆ ತಿಳಿವಳಿಕೆ ಬದಲಾಯಿತು.

ಅಕ್ಕ ಈ ವರ್ಷ ಶಾಲೆ ಮುಗಿಸಿ ಹೊರಡುತ್ತಾರೆ. ಹೊರಬದಿಯ ಕುರ್ಚಿಗೆ ಮುಂದೆ ನಾನು ಸರಿಯಬೇಕು ಎಂದು ಮೇಷ್ಟ್ರು ಹೇಳಿದ್ದಾರೆ. ವಯೋಲಾ ಸಾಲಿಗೆ ಹೊಸದಾಗಿ ಸೇರಬೇಕೆಂದಿರುವವರು, ಆಲ್ಟೊ ಕ್ಲೆಫ್ ಓದಲು ಬಾರದಿದ್ದರೂ ಹಿಂಜರಿಯದೆ ಬನ್ನಿ. ಓದುವುದನ್ನು ನಾನು ಹೇಳಿಕೊಡುತ್ತೇನೆ, ಹಾಳೆ ತಿರುಗಿಸುವುದನ್ನು ಇಬ್ಬರೂ ಹಂಚಿಕೊಳ್ಳೋಣ.