ಕೂಡದ ಪ್ಲಗ್, ಬದಲಾದ ಗೇರ್: ಮೋಟರ್ ಸೆಟ್ ಬಗ್ಗೆ ದೂರು

ಬದಿಯಡ್ಕ, ಕಾಸರಗೋಡು ಜಿಲ್ಲೆ
29 ಜೂನ್ 2024

ಇವರಿಗೆ,
ದೂರು ಪರಿಹಾರ ಅಧಿಕಾರಿಗಳು,
ಆನ್‌ಲೈನ್ ಆಟಿಕೆ ಬಿಡಿಭಾಗಗಳ ಅಂಗಡಿ,
ಬೆಂಗಳೂರು

ವಿಷಯ: ಒಂದಕ್ಕೊಂದು ಕೂಡದ ಮೋಟರ್ ಸೆಟ್ ಕಳಿಸಿ, ವಾಪಸ್ ತೆಗೆದುಕೊಳ್ಳಲು ಒಪ್ಪದ ಬಗ್ಗೆ

ಮಾನ್ಯರೇ,

ಜೂನ್ 3ರಂದು ನಿಮ್ಮ ಆ್ಯಪಿನಲ್ಲಿ ₹5,940 ಕೊಟ್ಟು ಒಂದು ಮೋಟರ್ ಸೆಟ್ ತರಿಸಿದೆ. ಎರಡು ಮೋಟರ್, ಒಂದು ಬ್ಯಾಟರಿ ಬಾಕ್ಸ್, ರಿಮೋಟ್, ಅದರ ರಿಸೀವರ್, ಜೊತೆಗೆ ಗೇರುಗಳ ಒಂದು ಪೊಟ್ಟಣ. ಎಲ್ಲವೂ ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುವ ಲೆಗೋ ಆಟಿಕೆಯ ಹಳೇ ಪವರ್ ಫಂಕ್ಷನ್ಸ್ ಅನ್ನುವ ಮೋಟರ್ ಮಾದರಿಗೆ ಹೊಂದುತ್ತವೆ, ಒಂದಕ್ಕೊಂದು ಕೂಡುತ್ತವೆ ಅಂತ ನಿಮ್ಮ ಪುಟದಲ್ಲಿ ಬರೆದಿತ್ತು. ಬಂದದ್ದರಲ್ಲಿ ದೊಡ್ಡ ಮೋಟರ್ ಯಾವುದಕ್ಕೂ ಕೂಡುವುದಿಲ್ಲ. ಒಂದು ಗೇರ್ ಹೇಳಿದ್ದಲ್ಲ, ಬೇರೆಯೇ ಬಂದಿದೆ. ಎರಡು ವಾರ ನಿಮ್ಮವರ ಜೊತೆ ಮಾತಾಡಿ ಸಾಕಾಯಿತು. ಅದಕ್ಕೇ ಈ ಪತ್ರ.

ಕನ್ನಡದಲ್ಲಿ ಯಾಕೆ ಬರೆದೆ ಅಂತ ಕೇಳಬೇಡಿ. ನಿಮ್ಮ ಆಫೀಸ್ ಬೆಂಗಳೂರಿನಲ್ಲಿದೆ, ಆ್ಯಪಿನಲ್ಲಿ ಕನ್ನಡದ ಬಟನ್ ಇದೆ. ಆದರೆ ನಾನು ಫೋನ್ ಮಾಡಿದಾಗೆಲ್ಲ ಪಿನ್ ಕೋಡ್ ನೋಡಿ ಮಲಯಾಳದವರಿಗೆ ಲೈನ್ ಕೊಡುತ್ತೀರಿ. ಮಲಯಾಳ ನನಗೆ ಬರುತ್ತದೆ, ತಕರಾರಿಲ್ಲ. ಇಲ್ಲಿ ಎಲ್ಲರಿಗೂ ಮೂರು ನಾಲ್ಕು ಭಾಷೆ ಬರುತ್ತದೆ. ಆದರೆ ಕನ್ನಡ ಒತ್ತಿದವನಿಗೆ ಕನ್ನಡದವರು ಸಿಗಬೇಕು, ಅಲ್ವಾ? ಪಾರ್ಸೆಲ್ಲಿನ ಕಥೆಯೂ ಹಾಗೇ. ಮಂಗಳೂರಿನ ಗೋಡೌನಿನಿಂದ ಹೊರಟದ್ದು ನಮ್ಮೂರನ್ನು ದಾಟಿ ಕೊಚ್ಚಿಗೆ ಹೋಗಿ, ಅಲ್ಲಿಂದ ವಾಪಸ್ ಬಂತು. ಜೂನ್ 14ಕ್ಕೆ ಕೈ ಸೇರಿತು. ಅದನ್ನು ನಾನು ದೂರು ಅಂತ ಬರೆಯುತ್ತಿಲ್ಲ, ಸುಮ್ನೆ ಹೇಳಿದೆ.

ನಿಮ್ಮ ಕಸ್ಟಮರ್ ಕೇರಿನವರು ಮೊದಲು ಕೇಳಿದ್ದು, "ಮಗುವಿನ ವಯಸ್ಸೆಷ್ಟು ಸರ್?" ಅಂತ. ಮಗುವಿಗೆ 52. ಅಡಿಕೆ ತೋಟ ನೋಡಿಕೊಳ್ಳುತ್ತದೆ. ಮಳೆಗಾಲದಲ್ಲಿ ಕತ್ತಲಾದ ಮೇಲೆ ಕೆಲಸವಿಲ್ಲದಾಗ ಜಗಲಿಯಲ್ಲಿ ಮಣೆ ಹಾಕಿಕೊಂಡು ಪ್ಲಾಸ್ಟಿಕ್ ಇಟ್ಟಿಗೆ ಜೋಡಿಸುತ್ತದೆ. ಹನ್ನೊಂದು ವರ್ಷದಿಂದ ಇದೇ ಹುಚ್ಚು. ಮನೆಯವರು ಬಿಟ್ಟುಬಿಟ್ಟಿದ್ದಾರೆ.

ಈ ಸಲ ಮಾಡುತ್ತಿರುವುದು ಕೆಂಪುಕಲ್ಲು ಕೊಯ್ಯುವ ಮಿಷನ್. ನಮ್ಮ ಕಡೆ ಮನೆಗಳೆಲ್ಲ ಕೆಂಪುಕಲ್ಲಿನವು. ಕೋರೆಗೆ ಹೋದರೆ ಎರಡು ಹಳಿಯ ಮೇಲೆ ಈ ಮಿಷನ್ ಓಡುವುದು ಕಾಣುತ್ತದೆ. ದುಂಡನೆಯ ಬ್ಲೇಡ್ ಜೋರಾಗಿ ಸುತ್ತುತ್ತದೆ, ಮಿಷನ್ ಮಾತ್ರ ಇರುವೆಯ ಹಾಗೆ ಮುಂದೆ ಹೋಗುತ್ತದೆ. ಒಂದೇ ಯಂತ್ರದಲ್ಲಿ ಎರಡು ವೇಗ. ಅದನ್ನು ಇಟ್ಟಿಗೆಯಲ್ಲಿ ಮಾಡುವುದೇ ಇದರ ಮಜಾ. ಬ್ಲೇಡಿಗೆ ಹಳೇ ಸಿಡಿ, ಕಲ್ಲಿಗೆ ಥರ್ಮೊಕೋಲ್. ಸಣ್ಣ ಮೋಟರಿಗೆ 24 ಹಲ್ಲಿನ ಗೇರ್ ಹಾಕಿ, ಅದರಿಂದ 8 ಹಲ್ಲಿನದನ್ನು ತಿರುಗಿಸಿದರೆ ಬ್ಲೇಡಿನ ವೇಗ ಮೋಟರಿನ ಮೂರರಷ್ಟಾಗುತ್ತದೆ. ಚಕ್ರಕ್ಕೆ ಇದರ ಉಲ್ಟಾ ಬೇಕು. ದೊಡ್ಡ ಮೋಟರಿಗೆ ಸ್ಕ್ರೂವಿನ ಹಾಗೆ ಸುರುಳಿ ಇರುವ ವರ್ಮ್ ಗೇರ್, ಅದಕ್ಕೆ ತಾಗುವ ಹಾಗೆ 24 ಹಲ್ಲಿನ ಗೇರ್. ಮೋಟರ್ 24 ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು. ವರ್ಮ್ ಹಾಕಿದರೆ ಇನ್ನೊಂದು ಲಾಭ, ಮೋಟರ್ ನಿಂತಾಗ ಮಿಷನ್ ಅಲ್ಲೇ ಕಚ್ಚಿ ನಿಲ್ಲುತ್ತದೆ. ಕೈಯಿಂದ ಮೆಲ್ಲನೆ ತಳ್ಳಿದರೂ ಚಕ್ರ ತಿರುಗುವುದಿಲ್ಲ.

ಇಷ್ಟು ಯಾಕೆ ಹೇಳಿದೆ ಅಂದರೆ, ನೀವು ತಪ್ಪು ಕಳಿಸಿದ್ದು ಸರಿಯಾಗಿ ಚಕ್ರ ಓಡಿಸುವ ಈ ದೊಡ್ಡ ಮೋಟರ್ ಮತ್ತು ಅದರ ಗೇರ್, ಈ ಎರಡನ್ನೇ.

ಮೊದಲು ಮೋಟರ್. ಲೆಗೋ 2007ರಲ್ಲಿ ತಂದ ಪವರ್ ಫಂಕ್ಷನ್ಸ್ ಪ್ಲಗ್ ಪುಟ್ಟ ಇಟ್ಟಿಗೆಯ ಹಾಗೆ ಇರುತ್ತದೆ. ಒಳಗೆ ನಾಲ್ಕು ತಂತಿ. ಒಂದರ ಮೇಲೊಂದು ಒತ್ತಿದರೆ ಕೂಡುತ್ತದೆ. 2018ರಲ್ಲಿ ಬಂದ ಪವರ್ಡ್ ಅಪ್ ಪ್ಲಗ್ ಬೇರೆ ಥರ. ಚಿಕ್ಕದು, ಆರು ತಂತಿಯದು, ಹಬ್ ಅನ್ನುವ ಡಬ್ಬಿಗೆ ತೂರಿಸುವಂಥದ್ದು. ಎರಡು ತಂತಿ ಮೋಟರ್ ತಿರುಗಿಸಲು, ಉಳಿದವು ಹಬ್ ಜೊತೆ ಮಾತಾಡಲು. ಇವೆರಡೂ ಕೂಡುವುದಿಲ್ಲ. ನೀವು ಕಳಿಸಿದ ಬ್ಯಾಟರಿ ಬಾಕ್ಸ್, ರಿಸೀವರ್, ಸಣ್ಣ ಮೋಟರ್ ಹಳೇ ಪ್ಲಗ್ಗಿನವು. ದೊಡ್ಡ ಮೋಟರ್ ಮಾತ್ರ ಹೊಸ ಪ್ಲಗ್ಗಿನದು. ರಿಸೀವರಿನ ಕೆಂಪು ಬದಿಗೆ ಸಣ್ಣದು ಸಿಕ್ಕಿಸಿದೆ, ನೀಲಿ ಬದಿ ಖಾಲಿ. ಹೊಸದಕ್ಕೇ ಹೋಗಿ ಅನ್ನಬಹುದು ನೀವು. ಅದಕ್ಕೆ ಹಬ್ ಬೇಕು, ನೀವು ಕಳಿಸಿದ ರಿಮೋಟ್ ಅದಕ್ಕೆ ನಡೆಯುವುದಿಲ್ಲ. ನನಗೆ ಬೇಕಾದ್ದು ಟಿವಿ ರಿಮೋಟಿನ ಹಾಗೆ ಒತ್ತಿದರೆ ಓಡುವಂಥದ್ದು. ಅದನ್ನೇ ನೋಡಿ ಆರಿಸಿದ್ದೆ.

ಲೆಗೋ 1958ರಲ್ಲಿ ಪೇಟೆಂಟಿಗೆ ಹಾಕಿದ ಇಟ್ಟಿಗೆಗೆ ಇವತ್ತಿನ ಇಟ್ಟಿಗೆಯೂ ಕೂಡುತ್ತದೆ. ಇಟ್ಟಿಗೆಯ ತಲೆಯ ಮೇಲಿನ ಒಂದು ಗುಬ್ಬಿಯಿಂದ ಪಕ್ಕದ ಗುಬ್ಬಿಗೆ 8 ಮಿಲಿಮೀಟರ್, ಆಗಲೂ ಈಗಲೂ. ನಿಮ್ಮ ಒಂದೇ ಡಬ್ಬಿಯೊಳಗಿನ ಎರಡು ಸಾಮಾನು ಕೂಡುವುದಿಲ್ಲ.

ಇನ್ನು ಗೇರ್. ವರ್ಮಿಗೆ ತಾಗಬೇಕಾದ ಗೇರಿನ ಜಾಗಕ್ಕೆ ಪಟ್ಟಿಯಲ್ಲಿ ಇದ್ದದ್ದು ಕ್ಲಚ್ ಗೇರ್. ಅದಕ್ಕೂ 24 ಹಲ್ಲು, ಆದರೆ ಜೋರು ಬಿದ್ದರೆ ನಡುವಿನ ಭಾಗ ಜಾರುತ್ತದೆ. ಎಷ್ಟು ಬಲಕ್ಕೆ ಜಾರುತ್ತದೆ ಅಂತ ಅದರ ಮೇಲೇ 2.5 ಮತ್ತು 5 ನ್ಯೂಟನ್ ಸೆಂಟಿಮೀಟರ್ ಅಂತ ಅಚ್ಚು ಹಾಕಿರುತ್ತಾರೆ. ಮಿಷನ್ ಹಳಿಯ ತುದಿಗೆ ಹೋಗಿ ಗುದ್ದಿದರೆ ಮೋಟರ್ ತಿರುಗುತ್ತಲೇ ಇರುತ್ತದೆ, ಗೇರ್ ಜಾರುತ್ತದೆ, ಏನೂ ಹಾಳಾಗುವುದಿಲ್ಲ. ನೀವು ಕಳಿಸಿದ್ದು ಮಾಮೂಲು 24 ಹಲ್ಲಿನದು. ಅದು ಜಾರುವುದಿಲ್ಲ. ಏನಾಗುತ್ತದೆ ಅಂತ ನನಗೆ ಗೊತ್ತು. ಹಿಂದೆ ಒಂದು ಕ್ರೇನ್ ಮಾಡುವಾಗ ಹೀಗೇ ಮಾಡಿ, ಎರಡು ಆಕ್ಸಲ್ ಹಗ್ಗದ ಹಾಗೆ ಹೊಸೆದುಕೊಂಡಿದ್ದವು. ಈಗಲೂ ಡಬ್ಬಿಯಲ್ಲಿವೆ. "ಎರಡಕ್ಕೂ ಹಲ್ಲು ಅಷ್ಟೇ ಅಲ್ವಾ ಸರ್" ಅಂದರು ನಿಮ್ಮವರು. ಹಲ್ಲು ಎಣಿಸಿದರೆ ಸಾಕಾಗುವುದಿಲ್ಲ ಸ್ವಾಮಿ.

ಮುಂದಿನದನ್ನು ದಯವಿಟ್ಟು ನಿಧಾನ ಓದಿ.

ಜೂನ್ 15ಕ್ಕೆ ದೂರು ಹಾಕಿದೆ. ಎಂಥ ಸೆಲ್ ಹಾಕಿದ್ದೀರಿ ಅಂತ ಕೇಳಿದರು. ರಿಚಾರ್ಜ್ ಆಗುವ ಡಬಲ್ ಎ ಸೆಲ್ ಆರು ಅಂದೆ. ಹೋ, ಅದೇ ತಪ್ಪು, ಅದು ಒಂದೊಂದು 1.2 ವೋಲ್ಟ್, ಒಟ್ಟು 7.2 ಆಗುತ್ತದೆ, ನಮ್ಮದಕ್ಕೆ 9 ಬೇಕು ಅಂದರು. ಲೆಕ್ಕ ಸರಿಯೇ. ವೇಗ ಸ್ವಲ್ಪ ಕಮ್ಮಿಯಾಗುತ್ತದೆ, ಒಪ್ಪಿದೆ. ಆದರೆ ಪ್ಲಗ್ಗೇ ಒಳಗೆ ಹೋಗದ ಮೋಟರಿಗೆ ಯಾವ ಸೆಲ್ ಹಾಕಿದರೇನು?

ಜೂನ್ 17ಕ್ಕೆ ಚಾಟಿನಲ್ಲಿ ಇನ್ನೊಬ್ಬರು ಸಿಕ್ಕಿದರು. ಅವರು ಹೇಳಿದ್ದು, ಎರಡೂ ಪ್ಲಗ್ ಕತ್ತರಿಸಿ ತಂತಿ ಸೇರಿಸಿ ಟೇಪ್ ಸುತ್ತಿ, ಊರಿನ ಎಲೆಕ್ಟ್ರಿಷಿಯನ್ ಮಾಡಿಕೊಡುತ್ತಾನೆ ಅಂತ. ನನಗೂ ಬರುವ ಕೆಲಸ ಅದು, ಪಂಪಿನ ವಯರಿಂಗ್ ನಾನೇ ಮಾಡುತ್ತೇನೆ. ಕತ್ತರಿಯನ್ನೂ ಕೈಗೆ ತೆಗೆದುಕೊಂಡಿದ್ದೆ. ಯಾಕೋ ಅನುಮಾನ ಬಂದು ನಿಮ್ಮ ವಾಪಸಾತಿ ನಿಯಮ ತೆಗೆದು ಓದಿದೆ. ತಂತಿ ಕತ್ತರಿಸಿದ ಸಾಮಾನನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಅಂತ ಬರೆದಿದೆ! ಕತ್ತರಿಸಿ ಅನ್ನುವವರೂ ನೀವೇ, ಕತ್ತರಿಸಿದರೆ ತಗೊಳ್ಳಲ್ಲ ಅನ್ನುವವರೂ ನೀವೇ. ಆ ಚಾಟಿನ ಸ್ಕ್ರೀನ್‌ಶಾಟ್ ಇಟ್ಟಿದ್ದೇನೆ. ಕತ್ತರಿಸಲಿಲ್ಲ.

ಡಬ್ಬಿ ಬಿಚ್ಚುವ ವಿಡಿಯೊ ಕೇಳಿದಿರಿ. ತಮ್ಮನ ಮಗಳು ತೆಗೆದಿದ್ದಳು, ಕಳಿಸಿದೆ. ನಡುವೆ ನಮ್ಮ ನಾಯಿ ಬೊಗಳುತ್ತದೆ, ಅದನ್ನು ಕ್ಷಮಿಸಿ. ಆದರೆ ಮೋಟರ್ ಹೊರಗೆ ತೆಗೆಯುವುದು, ಪ್ಲಗ್, ಗೇರಿನ ಪೊಟ್ಟಣ ಎಲ್ಲ ಚೆನ್ನಾಗಿ ಕಾಣುತ್ತದೆ. ಜೂನ್ 22ಕ್ಕೆ ಒಂದೇ ಸಾಲಿನ ಉತ್ತರ ಬಂತು: "ಸಾಮಾನಿನಲ್ಲಿ ದೋಷವಿಲ್ಲ, ವಾಪಸಾತಿ ತಿರಸ್ಕರಿಸಲಾಗಿದೆ." ಮೋಟರಿನಲ್ಲಿ ದೋಷ ಇದೆ ಅಂತ ನಾನು ಹೇಳಲೇ ಇಲ್ಲ. ಅದು ಒಳ್ಳೇ ಮೋಟರೇ ಇರಬಹುದು. ನಾನು ದುಡ್ಡು ಕೊಟ್ಟದ್ದು "ಕೂಡುತ್ತದೆ" ಅನ್ನುವ ಮಾತಿಗೆ. ಆ ಮಾತು ಸುಳ್ಳಾಯಿತು.

ಫೋನಿನಲ್ಲಿ ಒಬ್ಬರು "ಇದು ಮಕ್ಕಳ ಆಟಿಕೆ ಸರ್, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ" ಅಂದರು. ಆಗಲಿ. ನಿಮ್ಮ ಪುಟದಲ್ಲೂ 8 ವರ್ಷ ಮೇಲ್ಪಟ್ಟ ಮಕ್ಕಳಿಗೆ ಅಂತಲೇ ಇದೆ. ಹಾಗಾದರೆ ಐಎಸ್‌ಐ ಮಾರ್ಕ್ ಎಲ್ಲಿ? 14 ವರ್ಷದೊಳಗಿನ ಮಕ್ಕಳ ಆಟಿಕೆಗೆ 2021ರ ಜನವರಿ 1ರಿಂದ ಅದು ಕಡ್ಡಾಯ. ಡಬ್ಬಿಯ ಆರೂ ಬದಿ ನೋಡಿದೆ. ಮಾರ್ಕ್ ಇಲ್ಲ, ಆಮದು ಮಾಡಿದವರ ಹೆಸರಿಲ್ಲ, ಎಂಆರ್‌ಪಿ ಇಲ್ಲ. ಆಟಿಕೆ ಅಂತ ನನ್ನನ್ನು ಸಾಗಹಾಕುವ ಮೊದಲು ಇದಕ್ಕೊಂದು ಉತ್ತರ ಕೊಡಿ.

ನನಗೆ ಬೇಕಾದ್ದು ಜಾಸ್ತಿ ಏನಲ್ಲ. ಹಳೇ ಪ್ಲಗ್ಗಿನ ದೊಡ್ಡ ಮೋಟರ್ ಒಂದು, ಕ್ಲಚ್ ಗೇರ್ ಒಂದು ಕಳಿಸಿ. ತಪ್ಪಾಗಿ ಬಂದದ್ದನ್ನು ನಿಮ್ಮ ಖರ್ಚಿನಲ್ಲಿ ಒಯ್ಯಿರಿ. ಆ ಮೋಟರ್ ನಿಮ್ಮಲ್ಲಿ ಇಲ್ಲದಿದ್ದರೆ ಹಾಗಂತ ಹೇಳಿ, ಇಡೀ ಸೆಟ್ ವಾಪಸ್ ತೆಗೆದುಕೊಂಡು ₹5,940 ಕೊಡಿ. ಪುಟದಲ್ಲಿ ಯಾವ ಪ್ಲಗ್ ಅಂತ ಫೋಟೊ ಸಮೇತ ಹಾಕಿ. ಇಲ್ಲದಿದ್ದರೆ ನನ್ನಂಥ ಇನ್ನೊಬ್ಬ ಸಿಕ್ಕಿಬೀಳುತ್ತಾನೆ.

2020ರ ಇ-ಕಾಮರ್ಸ್ ನಿಯಮದ ಪ್ರಕಾರ ದೂರು ಸಿಕ್ಕಿತು ಅಂತ 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹಾರ ಕೊಡಬೇಕು. ಆ ಒಂದು ತಿಂಗಳು ನಾನು ಕಾಯುತ್ತೇನೆ. ಆಮೇಲೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇನೆ. ಅಲ್ಲಿಗೂ ಆಗದಿದ್ದರೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಇದೆ. 2019ರ ಗ್ರಾಹಕ ರಕ್ಷಣಾ ಕಾನೂನಿನಲ್ಲಿ ಗ್ರಾಹಕ ತಾನಿರುವ ಊರಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ ಬರಬೇಕಾಗಿಲ್ಲ. ಬಸ್ಸಿನಲ್ಲಿ ಒಂದು ಗಂಟೆಯೂ ಆಗುವುದಿಲ್ಲ ನನಗೆ.

ಬಿಲ್ಲಿನ ಪ್ರತಿ, ಎರಡೂ ಪ್ಲಗ್ ಪಕ್ಕಪಕ್ಕ ಇಟ್ಟು ತೆಗೆದ ಫೋಟೊ, ಚಾಟಿನ ಸ್ಕ್ರೀನ್‌ಶಾಟ್ ಜೊತೆಗಿವೆ. ಮೋಟರನ್ನು ಬಂದ ಪೊಟ್ಟಣದಲ್ಲೇ ಮತ್ತೆ ಹಾಕಿಟ್ಟಿದ್ದೇನೆ. ಒಯ್ಯಲು ಬರುವ ಹುಡುಗನಿಗೆ ಮಧ್ಯಾಹ್ನ 2ರ ಮೇಲೆ ಬರಲು ಹೇಳಿ, ಅಲ್ಲಿವರೆಗೆ ತೋಟದಲ್ಲಿರುತ್ತೇನೆ. ಗೇಟಿನಿಂದಲೇ ಕರೆಯಲಿ, ನಾಯಿ ಬಿಟ್ಟಿರುತ್ತೇವೆ.

ಇತಿ,
ನಿಮ್ಮ ಗ್ರಾಹಕ
(ಹೆಸರು, ವಿಳಾಸ, ಆರ್ಡರ್ ನಂಬರ್ ಬಿಲ್ಲಿನಲ್ಲಿವೆ)