ಅಮ್ಮ ಎತ್ತಿಟ್ಟ ಕವರು

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡಲಿಲ್ಲ. ಬಸ್‌ಸ್ಟ್ಯಾಂಡಿನ ಗದ್ದಲದಲ್ಲಿದ್ದೆ. "ಎಲೆಕ್ಷನ್ ಹಿಂದಿನ ರಾತ್ರಿ ಯಾರೋ ಮನೆಗೆ ಕವರ್ ಕೊಟ್ಟು ಹೋಗಿದ್ರಂತೆ, ಅಮ್ಮ ಇಟ್ಕೊಂಡಿದಾರಂತೆ. ತಪ್ಪಲ್ವೇನೋ?" ಅಂತ ಕೇಳಿದೆ. ದನಿಯಲ್ಲಿ ಬೇಸರ ಇತ್ತು. ಮರುದಿನವೇ ಅಮ್ಮನನ್ನು ನೋಡಿಕೊಂಡು ಬಂದೆ. ಆಮೇಲೆ ಎರಡು ರಾತ್ರಿ ಯೋಚಿಸಿದೆ. ಫೋನಿನಲ್ಲಿ ಹೇಳಿ ಮುಗಿಸುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕವರು ಇನ್ನೂ ಇದೆ ಮಾರಾಯ. ದೇವರ ಗೂಡಿನ ಪಕ್ಕ, ಹಳೇ ಪಂಚಾಂಗಗಳ ಸಂದಿಯಲ್ಲಿ. ಮದುವೆಮನೆಯಲ್ಲಿ ಮುಯ್ಯಿಗೆ ಕೊಡುತ್ತೇವಲ್ಲ, ಅಂಥದ್ದೇ ಬಿಳಿ ಕವರು. ಒಳಗೆ 500ರ ಮೂರು ನೋಟು. ಹೊರಗೆ ಹೆಸರಿಲ್ಲ, ಚಿಹ್ನೆ ಇಲ್ಲ. ಮೂಲೆಯಲ್ಲಿ ಪೆನ್ಸಿಲಿನಿಂದ 3 ಅಂತ ಬರೆದಿದೆ, ಅಷ್ಟೆ. ಅಮ್ಮ, ನಿನ್ನ ತಮ್ಮ, ತಮ್ಮನ ಹೆಂಡತಿ. ಮತದಾರರ ಪಟ್ಟಿಯಲ್ಲಿ ಆ ಮನೆಯಲ್ಲಿ ಇವತ್ತಿಗೂ ನಾಲ್ಕು ಹೆಸರಿವೆ, ನಿನ್ನದು ತೆಗೆದಿಲ್ಲ. ನೀನು ಮಸ್ಕತ್ತಿನಲ್ಲಿದ್ದೀಯ, ವೋಟಿಗೆ ಬರುವುದಿಲ್ಲ ಎನ್ನುವುದು ಪಟ್ಟಿಗೆ ಗೊತ್ತಿಲ್ಲ, ಕವರು ಕಟ್ಟಿದವನಿಗೆ ಗೊತ್ತಿದೆ. ಆ ಪೆನ್ಸಿಲ್ ಗುರುತು ನೋಡಿ ನನಗೆ ಮೈ ಜುಮ್ಮೆಂದಿತು.

"ಬೇಡ ಅಂದೆ ಮಗಾ, ತುಳಸಿಕಟ್ಟೆ ಮೇಲಿಟ್ಟು ಗಾಡಿ ಹತ್ತಿ ಹೋದ. ವಾಪಸ್ ಕೊಡ್ಬೇಕು ಅಂದ್ರೆ ಯಾರಿಗೆ ಅಂತ ಕೊಡ್ಲಿ?" ಅಂದರು ಅಮ್ಮ. ಖರ್ಚು ಮಾಡಿಲ್ಲ, ಹರಿದು ಬಿಸಾಡಿಲ್ಲ, ಹುಂಡಿಗೂ ಹಾಕಿಲ್ಲ. ಹುಂಡಿಗೆ ಹಾಕೋಣ ಅಂತ ನಿನ್ನ ತಮ್ಮ ಹೇಳಿದ್ದಕ್ಕೆ, "ದೇವರಿಗ್ಯಾಕೆ ಈ ದುಡ್ಡು" ಅಂದರಂತೆ. ಅಮ್ಮನ ಮೇಲೆ ಬೇಸರ ಮಾಡಿಕೊಳ್ಳಬೇಡ. ಕೇಳಬೇಕಾದ ಪ್ರಶ್ನೆಯನ್ನು ಅವರು ನಮಗಿಂತ ಮೊದಲೇ ಕೇಳಿಬಿಟ್ಟಿದ್ದಾರೆ. ಈ ದುಡ್ಡು ಯಾರದು?

2023ರ ವಿಧಾನಸಭೆ ಚುನಾವಣೆಯಲ್ಲಿ ನನಗೆ ಚೆಕ್‌ಪೋಸ್ಟ್ ಡ್ಯೂಟಿ ಬಿದ್ದಿತ್ತು. ಆಗ ನೌಕರಿಯಲ್ಲಿದ್ದೆ, ಬರೆಯುವ ಹಾಗಿರಲಿಲ್ಲ. ಎಂಟು ಗಂಟೆಗೊಂದು ಪಾಳಿ. ರಸ್ತೆ ಬದಿ ಶಾಮಿಯಾನ, ಎರಡು ಬ್ಯಾರಿಕೇಡ್, ಒಬ್ಬ ಪೊಲೀಸು, ವಿಡಿಯೊ ತೆಗೆಯುವ ಹುಡುಗ, ಮತ್ತೆ ನಾವಿಬ್ಬರು. 50 ಸಾವಿರಕ್ಕಿಂತ ಹೆಚ್ಚು ನಗದು ಇಟ್ಟುಕೊಂಡವರು ದಾಖಲೆ ತೋರಿಸಬೇಕು. ಒಂದು ಸಂಜೆ ಅಡಿಕೆ ಬೆಳೆಗಾರನೊಬ್ಬ ಬೈಕಿನಲ್ಲಿ ಬಂದ. ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಕೈಚೀಲದಲ್ಲಿ 1 ಲಕ್ಷದ 80 ಸಾವಿರ. ಮಂಡಿಯಲ್ಲಿ ಅಡಿಕೆ ಕೊಟ್ಟು ಬಂದ ದುಡ್ಡು, ಮಗಳ ಮದುವೆಗೆ ಹನ್ನೊಂದು ದಿನ ಉಳಿದಿದೆ, ಮಂಡಿ ಚೀಟಿ ಎಲ್ಲಿ ಬಿತ್ತೋ ಗೊತ್ತಿಲ್ಲ ಅಂದ. ಕ್ಯಾಮೆರಾ ಮುಂದೆ ನೋಟು ಎಣಿಸುವಾಗ ಅವನ ಬೆರಳು ನೋಡಿದೆ. ಅಡಿಕೆ ಸುಲಿದು ಸುಲಿದು ಚೊಗರಿನಿಂದ ಕಪ್ಪಾದ ಬೆರಳು. ಚೀಟಿಗಿಂತ ದೊಡ್ಡ ಸಾಕ್ಷಿ ಅದು. ಆದರೆ ಬೆರಳಿಗೆ ರಶೀದಿ ಬರೆಯಲು ನಮ್ಮ ಹತ್ತಿರ ಪುಸ್ತಕ ಇರಲಿಲ್ಲ. ದುಡ್ಡು ಖಜಾನೆಗೆ ಹೋಯಿತು. ಆಮೇಲೆ ಮಂಡಿಯಿಂದ ನಕಲು ಚೀಟಿ ತಂದು, ಜಿಲ್ಲಾ ಮಟ್ಟದ ಸಮಿತಿಯ ಮುಂದೆ ನಿಂತು ಬಿಡಿಸಿಕೊಂಡ. ಮದುವೆ ನಿಲ್ಲಲಿಲ್ಲ. ಆದರೆ ಆ ಹೊತ್ತಿನಲ್ಲಿ ಆ ಮನುಷ್ಯ ನನ್ನ ಕಡೆ ನೋಡಿದ ನೋಟ ಇದೆಯಲ್ಲ, ಅದು ನನ್ನನ್ನು ಬಿಟ್ಟಿಲ್ಲ.

ಆ ಚುನಾವಣೆಯಲ್ಲಿ ರಾಜ್ಯದಲ್ಲಿ ಜಪ್ತಿಯಾದ ನಗದು, ಮದ್ಯ, ಚಿನ್ನ, ಉಡುಗೊರೆ ಎಲ್ಲ ಸೇರಿ 375 ಕೋಟಿ ರೂಪಾಯಿಯದು. 2018ರಲ್ಲಿ ಇದು ಸುಮಾರು 83 ಕೋಟಿ ಇತ್ತು. ಆಯೋಗದವರು ಕೆಲಸ ಮಾಡಿಲ್ಲ ಅನ್ನಲಾರೆ, ಅವರ ಜೊತೆಯಲ್ಲೇ ರಾತ್ರಿಯೆಲ್ಲ ಎದ್ದು ಕೂತವನು ನಾನು. ಆದರೆ ನಾವು ರಸ್ತೆ ಕಾಯುತ್ತಿದ್ದಾಗ ಹಂಚುವ ದುಡ್ಡು ಊರೊಳಗೆ ಬಂದು ಕೂತು ಎಷ್ಟೋ ದಿನವಾಗಿತ್ತು. ಹಂಚುವವನು ಊರವನೇ, ಗಾಡಿ ಊರದ್ದೇ. ಹಿಂದಿನ ರಾತ್ರಿ ಹತ್ತರಿಂದ ಎರಡರೊಳಗೆ ಕೇರಿ ಕೇರಿ ಮುಗಿದಿರುತ್ತದೆ.

ನೀನು ಲೆಕ್ಕಪತ್ರದ ಕೆಲಸದವನು, ಇದನ್ನು ಕೂಡಿಸಿ ನೋಡು. ವಿಧಾನಸಭೆಗೆ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ್ದು 40 ಲಕ್ಷ. ನಮ್ಮಂಥ ಕ್ಷೇತ್ರದಲ್ಲಿ ಮತದಾರರು ಸುಮಾರು 2 ಲಕ್ಷ. ಅಂದರೆ ತಲೆಗೆ 20 ರೂಪಾಯಿ. ಭಾಷಣ, ಬ್ಯಾನರು, ಗಾಡಿ, ಡೀಸೆಲ್, ಊಟ ಎಲ್ಲ ಅದರಲ್ಲೇ. ಈಗ ಅಮ್ಮನ ಕವರಿನ ಲೆಕ್ಕ ಹಿಡಿ. ತಲೆಗೆ 500ರಂತೆ ಅರ್ಧ ಜನಕ್ಕೆ ಕೊಟ್ಟರೂ 5 ಕೋಟಿ. ಫಲಿತಾಂಶ ಬಂದ 30 ದಿನದೊಳಗೆ ಅಭ್ಯರ್ಥಿ ಲೆಕ್ಕ ಒಪ್ಪಿಸಬೇಕು. ಒಂದು ಕುರ್ಚಿಗೆ ಇಷ್ಟು, ಒಂದು ಲೋಟ ಚಹಾಕ್ಕೆ ಇಷ್ಟು ಅಂತ ಜಿಲ್ಲೆಯಲ್ಲಿ ದರಪಟ್ಟಿ ಮಾಡುತ್ತಾರೆ, ಅದರ ಪ್ರಕಾರ ಪೈಸೆ ಪೈಸೆ ಬರೆಯುತ್ತಾರೆ. ಆ 5 ಕೋಟಿಗೆ ಮಾತ್ರ ಅದರಲ್ಲಿ ಕಾಲಮ್ಮೇ ಇಲ್ಲ. ಇನ್ನು ಪಕ್ಷಗಳ ಖರ್ಚಿಗೆ ಮಿತಿಯೇ ಇಲ್ಲ. 1974ರಲ್ಲಿ ಸುಪ್ರೀಂ ಕೋರ್ಟು, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅವನ ಲೆಕ್ಕಕ್ಕೇ ಸೇರಿಸಬೇಕು ಅಂದಿತ್ತು. ಅದೇ ತಿಂಗಳು ಸುಗ್ರೀವಾಜ್ಞೆ ತಂದು ಕಾನೂನನ್ನೇ ತಿದ್ದಿದರು. ಐವತ್ತು ವರ್ಷವಾಯಿತು. ಎಷ್ಟು ಸರಕಾರ ಬಂತು, ಎಷ್ಟು ಪಕ್ಷ ಬಂತು, ಆ ಬಾಗಿಲನ್ನು ಯಾರೂ ಮುಚ್ಚಲಿಲ್ಲ.

ಮೇಲಿನ ಮಟ್ಟದಲ್ಲಿ ದುಡ್ಡು ಹೇಗೆ ಬರುತ್ತದೆ ಅಂತ ನಾವು ಒಂದೇ ಒಂದು ಸಲ ಕಣ್ಣಾರೆ ನೋಡಿದ್ದು 2024ರ ಮಾರ್ಚಿನಲ್ಲಿ. ಚುನಾವಣಾ ಬಾಂಡ್ ನಿನಗೆ ಗೊತ್ತಲ್ಲ, 2018ರಲ್ಲಿ ಬಂತು. ಸ್ಟೇಟ್ ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡುವುದು, ಕೊಟ್ಟವರು ಯಾರು ಅಂತ ಜನರಿಗೆ ಗೊತ್ತಾಗುವುದಿಲ್ಲ. ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದ ಶೇ 7.5ಕ್ಕಿಂತ ಹೆಚ್ಚು ಕೊಡಬಾರದು ಅನ್ನುವ ಮಿತಿ ಇತ್ತು, ಅದನ್ನು 2017ರಲ್ಲೇ ತೆಗೆದಿದ್ದರು. 2024ರ ಫೆಬ್ರುವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಇಡೀ ಯೋಜನೆಯನ್ನು ರದ್ದು ಮಾಡಿತು. ಪಕ್ಷಕ್ಕೆ ದುಡ್ಡು ಕೊಟ್ಟವರು ಯಾರು ಎಂದು ತಿಳಿಯುವ ಹಕ್ಕು ಮತದಾರನಿಗಿದೆ ಅಂದಿತು. ಪಟ್ಟಿ ಹೊರಬಿದ್ದಾಗ ಎಲ್ಲರಿಗಿಂತ ಹೆಚ್ಚು ಕೊಂಡವರು ಒಂದು ಲಾಟರಿ ಕಂಪನಿ, 1,368 ಕೋಟಿಯದು. 2019ರ ಏಪ್ರಿಲ್‌ನಿಂದ ಈಚೆಗೆ ಬಿಜೆಪಿಗೆ ಬಂದದ್ದು 6,000 ಕೋಟಿಗೂ ಮೇಲೆ, ಕಾಂಗ್ರೆಸ್ಸಿಗೆ 1,400 ಕೋಟಿಗೂ ಮೇಲೆ. ನಮ್ಮ ರಾಜ್ಯದ ಜೆಡಿಎಸ್ ತನಗೆ ಬಂದ 89.75 ಕೋಟಿಯ ಮೂಲವನ್ನು ಆಯೋಗಕ್ಕೆ ತಿಳಿಸಿತ್ತು, ಕೊಟ್ಟವರ ಹೆಸರು ಹೇಳಿದ ಕೆಲವೇ ಪಕ್ಷಗಳಲ್ಲಿ ಅದೂ ಒಂದು. ಅದರಲ್ಲಿ 50 ಕೋಟಿ ಮೇಘಾ ಎಂಜಿನಿಯರಿಂಗ್ ಒಂದರಿಂದಲೇ. ದೊಡ್ಡ ದೊಡ್ಡ ನೀರಾವರಿ ಕಾಮಗಾರಿ ಹಿಡಿಯುವ ಕಂಪನಿ ಅದು. ಕೊಟ್ಟದ್ದು ಕಾನೂನಿನ ಪ್ರಕಾರವೇ, ತಪ್ಪು ಅನ್ನುವುದಕ್ಕಿಲ್ಲ. ಆದರೆ ಸರಕಾರಿ ಕೆಲಸ ಹಿಡಿಯುವವರು ಒಂದು ಪ್ರಾದೇಶಿಕ ಪಕ್ಷಕ್ಕೆ 50 ಕೋಟಿ ಕೊಟ್ಟರೆ, ಆ ಪಕ್ಷದ ಶಾಸಕ ಯಾರ ಮಾತು ಮೊದಲು ಕೇಳಬೇಕು ಹೇಳು.

ಇದೆಲ್ಲ ಬ್ಯಾಂಕಿನಲ್ಲಿ ಗುರುತು ಉಳಿದ ದುಡ್ಡು. ಕವರಿನ ದುಡ್ಡು ಬೇರೆ. ಅದರ ಬಗ್ಗೆ ಯೋಚಿಸಿದಾಗಲೆಲ್ಲ ನನಗೆ ವಾಲ್ಮೀಕಿ ನಿಗಮ ಕಣ್ಣಮುಂದೆ ಬರುತ್ತದೆ.

2024ರ ಮೇ 26ರಂದು, ನಮ್ಮ ಶಿವಮೊಗ್ಗದಲ್ಲೇ, ಆ ನಿಗಮದ ಲೆಕ್ಕಪತ್ರ ವಿಭಾಗದ ಒಬ್ಬ ಅಧೀಕ್ಷಕ ಪ್ರಾಣ ಕಳೆದುಕೊಂಡ. ಬರೆದಿಟ್ಟ ಪತ್ರದಿಂದಲೇ ವಿಷಯ ಹೊರಗೆ ಬಂದದ್ದು. ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ 187 ಕೋಟಿ ರೂಪಾಯಿ ಬೇರೆ ಖಾತೆಗೆ ಹೋಗಿ, ಅದರಲ್ಲಿ 88 ಕೋಟಿಗೂ ಹೆಚ್ಚು ಹೈದರಾಬಾದ್ ಕಡೆಯ ಖಾತೆಗಳಿಗೆ ಸೇರಿತ್ತು. ಮುಖ್ಯಮಂತ್ರಿ ಸಿದ್ದರಾಮಯ್ಯ ಸದನದಲ್ಲಿ 187 ಅಲ್ಲ, ಸುಮಾರು 89 ಕೋಟಿ ಅಂದರು. ನಾನು ಟಿ.ವಿ. ಮುಂದೆ ಕೂತಿದ್ದೆ. 89 ಆದರೆ ಏನು ಸಮಾಧಾನ? ಸಚಿವ ಬಿ. ನಾಗೇಂದ್ರ ಜೂನ್ 6ರಂದು ರಾಜೀನಾಮೆ ಕೊಟ್ಟರು, ಜುಲೈನಲ್ಲಿ ಕೇಂದ್ರದ ಜಾರಿ ನಿರ್ದೇಶನಾಲಯ (ಇ.ಡಿ.) ಬಂಧಿಸಿತು, ಅಕ್ಟೋಬರ್‌ನಲ್ಲಿ ಜಾಮೀನಾಯಿತು. ಇ.ಡಿ. ಆರೋಪಪಟ್ಟಿಯಲ್ಲಿ ಹೇಳಿದ್ದು, ಇದರಲ್ಲಿ 20.19 ಕೋಟಿ ಬಳ್ಳಾರಿ ಲೋಕಸಭೆ ಚುನಾವಣೆಗೂ ಸಚಿವರ ಸ್ವಂತ ಖರ್ಚಿಗೂ ಹೋಯಿತು ಅಂತ. 2025ರ ಜೂನ್‌ನಲ್ಲಿ ಬಳ್ಳಾರಿ ಸಂಸದರ, ಕೆಲವು ಶಾಸಕರ ಮನೆಗಳಲ್ಲಿ ಶೋಧವಾಯಿತು. ಇದು ಆರೋಪ. ಅವರೆಲ್ಲ ನಿರಾಕರಿಸಿದ್ದಾರೆ, ತೀರ್ಪು ಬರಬೇಕಾದ್ದು ಕೋರ್ಟಿನಿಂದ. ಕೇಂದ್ರದ ಸಂಸ್ಥೆ ವಿರೋಧ ಪಕ್ಷದವರ ಮನೆ ಬಾಗಿಲನ್ನೇ ಹೆಚ್ಚು ತಟ್ಟುತ್ತದೆ ಅನ್ನುವ ದೂರನ್ನೂ ನಾನು ತಳ್ಳಿಹಾಕುವುದಿಲ್ಲ. ಆದರೆ ನಿಗಮದ ದುಡ್ಡು ಹೋದದ್ದು ಸುಳ್ಳಲ್ಲ, ಸರಕಾರವೇ ಒಪ್ಪಿದೆ. ಹಾಗೆ ಹೋದದ್ದರಲ್ಲಿ 43.33 ಕೋಟಿ ಗಂಗಾ ಕಲ್ಯಾಣ ಯೋಜನೆಯದು ಅನ್ನುತ್ತದೆ ಇ.ಡಿ. ಬಡ ರೈತನ ಹೊಲಕ್ಕೆ ಬೋರ್‌ವೆಲ್ ಕೊರೆಸುವ ದುಡ್ಡು.

ಬಳ್ಳಾರಿ ಅಂದರೆ ನಿನಗೂ ನನಗೂ ನೆನಪಾಗುವುದು ಅಕ್ರಮ ಗಣಿ. 2010ರಲ್ಲಿ ಅದರ ವಿರುದ್ಧ ಸಿದ್ದರಾಮಯ್ಯನವರು ಬೆಂಗಳೂರಿನಿಂದ ಬಳ್ಳಾರಿಗೆ ನಡೆದದ್ದು, ಅದನ್ನು ನಾವಿಬ್ಬರೂ ನಿಮ್ಮನೆ ಜಗಲಿಯಲ್ಲಿ ಕೂತು ಟಿ.ವಿ.ಯಲ್ಲಿ ನೋಡಿದ್ದು. 2011ರ ಜುಲೈನಲ್ಲಿ ಸಂತೋಷ್ ಹೆಗ್ಡೆಯವರ ಲೋಕಾಯುಕ್ತ ವರದಿ ಬಂದು, ರಾಜ್ಯಕ್ಕೆ 16,085 ಕೋಟಿ ನಷ್ಟ ಅಂದಾಗ ನೀನು ಮಸ್ಕತ್ತಿನಿಂದ ಫೋನು ಮಾಡಿ ಒಂದು ಗಂಟೆ ಮಾತಾಡಿದ್ದೆ. ಯಡಿಯೂರಪ್ಪನವರ ಮುಖ್ಯಮಂತ್ರಿ ಕುರ್ಚಿ ಆ ವರದಿಯಿಂದಲೇ ಹೋಯಿತು. ಕುಟುಂಬದ ಟ್ರಸ್ಟಿಗೆ ದೇಣಿಗೆ ಬಂದ ಪ್ರಕರಣದಲ್ಲಿ 2016ರಲ್ಲಿ ಅವರು ಖುಲಾಸೆಯಾದರು, ಅದನ್ನೂ ಹೇಳಬೇಕು. ಇನ್ನು ಬಳ್ಳಾರಿ ಬದಲಾಗುತ್ತದೆ ಅಂತ ಅವತ್ತು ನಾನು ನಿಜವಾಗಿ ನಂಬಿದ್ದೆ. ಆ ಪಾದಯಾತ್ರೆ ಮಾಡಿದವರ ಆಡಳಿತದಲ್ಲೇ, ಅದೇ ಬಳ್ಳಾರಿಯ ಸಚಿವರ ಇಲಾಖೆಯಲ್ಲಿ ಹೀಗಾಯಿತಲ್ಲ, ಅದು ನನಗೆ ಬಿಜೆಪಿಯವರ ಹಗರಣಕ್ಕಿಂತ ಹೆಚ್ಚು ನೋವು ಕೊಟ್ಟಿತು. ನಾನು ಯಾರಿಗೆ ವೋಟು ಹಾಕುತ್ತಿದ್ದೆ ಅಂತ ನಿನಗೆ ಗೊತ್ತಲ್ಲ.

ನಮ್ಮ ಅಪ್ಪ ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರ ಚುನಾವಣೆಯ ಕತೆ ಹೇಳುತ್ತಿದ್ದದ್ದು ನೆನಪಿದೆಯಾ? 1952, ಸಾಗರ-ಹೊಸನಗರ ಕ್ಷೇತ್ರ, ಎದುರಿಗೆ ಕಾಂಗ್ರೆಸ್ಸಿನ ಬದರಿನಾರಾಯಣ. ಗೇಣಿದಾರರ ಕಾಗೋಡು ಸತ್ಯಾಗ್ರಹ ಆಗಿ ಇನ್ನೂ ವರ್ಷ ತುಂಬಿರಲಿಲ್ಲ. ಗೋಪಾಲಗೌಡರ ಕೈಯಲ್ಲಿ ಕಾಸಿಲ್ಲ. "ಒಂದು ವೋಟು, ಒಂದು ನೋಟು" ಅಂತ ಜನರ ಹತ್ತಿರವೇ ಕೇಳುವ ಕಾಲ ಅದು. ಒಂದು ರೂಪಾಯಿ ನೋಟಿಲ್ಲದ ಗೇಣಿದಾರರು ಚಿಲ್ಲರೆ ಕೊಟ್ಟರು, ಕೆಲವರು ಅಕ್ಕಿ ಕೊಟ್ಟರು ಅಂತ ಅಪ್ಪ ಹೇಳುವರು. ಗೋಪಾಲಗೌಡರು ಗೆದ್ದರು. ಗೆದ್ದ ಮೇಲೆ ಅವರನ್ನು ಗದ್ದೆ ಬದುವಿನಲ್ಲಿ ನಿಲ್ಲಿಸಿ ಏರು ದನಿಯಲ್ಲಿ ಕೇಳುವ ಹಕ್ಕು ಆ ಗೇಣಿದಾರನಿಗೆ ಇತ್ತು, ಯಾಕೆಂದರೆ ನೋಟು ಅವನದು.

ಈಗ ನೋಟು ತಿರುಗಿ ಬರುತ್ತಿದೆ. ಅಲ್ಲಿಂದ ಇಲ್ಲಿಗೆ. ಅವರು ಕೊಡುತ್ತಾರೆ, ನಾವು ಕೈ ಒಡ್ಡುತ್ತೇವೆ. ಆಮೇಲೆ ರಸ್ತೆ ಕೇಳಲು ಹೋದರೆ, ದುಡ್ಡು ತಗೊಂಡಿಲ್ವಾ ಅಂತ ಮುಖಕ್ಕೆ ಹೇಳುತ್ತಾರೆ. ನಮ್ಮ ಪಂಚಾಯ್ತಿ ಕಟ್ಟೆಯಲ್ಲಿ ಒಬ್ಬ ಹೆಂಗಸಿಗೆ ಹೀಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಆಕೆ ತಲೆ ತಗ್ಗಿಸಿ ಹೊರಟುಹೋದಳು. ಕವರು ಕೊಡುವುದು ವೋಟು ಕೊಳ್ಳುವುದಕ್ಕೆ ಅಂತ ಇಷ್ಟು ವರ್ಷ ತಿಳಿದಿದ್ದೆ. ವೋಟು ಗುಟ್ಟಾಗಿರುತ್ತದೆ, ಅದು ಅವರಿಗೂ ಗೊತ್ತು. ಅವರು ಕೊಳ್ಳುವುದು ಮುಂದಿನ ಐದು ವರ್ಷ ನಾವು ಕೇಳಬಹುದಾದ ಮಾತನ್ನು.

ಅಮ್ಮನ ಮನೆಯಿಂದ ಬರುವಾಗ ಪರಿಶಿಷ್ಟ ಪಂಗಡದ ಹಸಲರ ಕೇರಿಗೆ ಹೋಗಿದ್ದೆ. ನಾನು ನೌಕರಿಯಲ್ಲಿದ್ದಾಗ ಗಂಗಾ ಕಲ್ಯಾಣಕ್ಕೆ ಅರ್ಜಿ ಬರೆದುಕೊಟ್ಟಿದ್ದೆನಲ್ಲ, ಆ ಹುಡುಗನ ಮನೆ. ಅವನಿಗಿರುವುದು ಒಂದೂವರೆ ಎಕರೆ. ಬೋರು ಕೊರೆದು ಹೋಗಿದ್ದಾರೆ, ನೀರೂ ಬಿದ್ದಿದೆ. ಮೋಟಾರು ಬಂದಿಲ್ಲ, ಕರೆಂಟು ಕಂಬವೂ ಬಂದಿಲ್ಲ. ಎರಡು ಬೇಸಿಗೆ ಕಳೆಯಿತು. ಅವನ ಮೋಟಾರಿನ ದುಡ್ಡೇ ಬಳ್ಳಾರಿಗೆ ಹೋಯಿತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಲು ನನ್ನ ಹತ್ತಿರ ದಾಖಲೆ ಇಲ್ಲ. ಕಬ್ಬಿಣದ ಪೈಪಿನ ಬಾಯಿಗೆ ಚಪ್ಪಡಿ ಕಲ್ಲು ಮುಚ್ಚಿ, ಮಕ್ಕಳು ಏನಾದರೂ ಹಾಕಿಯಾರು ಅಂತ ಮೇಲೆ ಮುಳ್ಳು ಹೊದಿಸಿದ್ದಾನೆ. ನನ್ನ ಎದುರಿಗೆ ಮುಳ್ಳು ಸರಿಸಿ, ಕಲ್ಲು ಎತ್ತಿ, ಒಂದು ಚಿಕ್ಕ ಹರಳು ಒಳಗೆ ಬಿಟ್ಟ. ಇಬ್ಬರೂ ಕಿವಿಗೊಟ್ಟು ಬಗ್ಗಿ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಕೆಳಗೆಲ್ಲೋ ಸಣ್ಣಗೆ ಗುಳುಕ್ ಅಂತು.

"ಕೇಳ್ತಾ ಸಾರ್? ನೀರಿದೆ" ಅಂದ.

ಯುಗಾದಿಗೆ ಬರುತ್ತೀಯಲ್ಲ, ಅವನ ಅರ್ಜಿಯ ಹಿಂದೆ ಇಬ್ಬರೂ ಶಿವಮೊಗ್ಗಕ್ಕೆ ಒಂದು ಸಲ ಹೋಗಿ ಬರೋಣ. ನಕಲು ಪ್ರತಿಗಳೆಲ್ಲ ನನ್ನ ಹತ್ತಿರ ಇವೆ.

ನಿನ್ನ ಗೆಳೆಯ